ಮೀನಿಗೆ ಹೆಸರಿಟ್ಟವನು

ಮೀನುಗಾರಿಕೆ ಇಲಾಖೆಯ ಮೇಡಂ ತನ್ನನ್ನೇ ಹುಡುಕಿಕೊಂಡು ಬರುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಅವನು ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಹಿಂದೆ ಸರಿದು ನಿಂತ. ಸರಿದು ನಿಂತ ಮೇಲೆ ನಾಚಿಕೆಯಾಯಿತು. ತಲೆ ನರೆತ, ಮೊಮ್ಮಗಳನ್ನು ಕೈಹಿಡಿದು ಶಾಲೆಗೆ ಬಿಟ್ಟು ಬರುವ ಗಂಡಸು, ಮಗ್ಗಿ ಒಪ್ಪಿಸಲಾರದವನ ಹಾಗೆ ಹೀಗೆ ಅವಿತುಕೊಳ್ಳುವುದೆಂದರೆ. ಆದರೂ ಹೊರಗೆ ಬರಲು ಕಾಲು ಏಳಲಿಲ್ಲ. ತುಕ್ಕು ಹಿಡಿದ ಸಂದಿಯಿಂದ ಇಣುಕಿದ. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಹಾಕಿಕೊಂಡು, ಹೆಗಲಿಗೆ ಚೀಲ ಏರಿಸಿಕೊಂಡು, ಹರಾಜಿನ ಶೆಡ್ಡಿನಲ್ಲಿ ನಿಂತ ನೀರನ್ನು ತುಳಿಯುತ್ತ ಅವರು ಬರುತ್ತಿದ್ದರು. ಆ ನೀರು ಮಳೆಯದಲ್ಲ, ಮೀನು ತೊಳೆದದ್ದೂ ಅಲ್ಲ, ಸಮುದ್ರದ್ದು. ಈಚಿನ ವರ್ಷಗಳಲ್ಲಿ ದೊಡ್ಡ ಉಬ್ಬರದ ದಿನ ಅದು ದೋಣಿ ನಿಲ್ಲುವ ದಕ್ಕೆಯ ಮೆಟ್ಟಿಲು ಹತ್ತುವ ಗೋಜಿಗೂ ಹೋಗದೆ ಚರಂಡಿಯ ತೂತಿನಿಂದಲೇ ಮೇಲೆದ್ದು, ಕರೆಯದೆ ಬಂದ ನೆಂಟನ ಹಾಗೆ ಶೆಡ್ಡಿನ ತುಂಬ ಹರಡಿಕೊಂಡು, ಹೊತ್ತು ಏರಿದ ಮೇಲೆ ತನ್ನ ಪಾಡಿಗೆ ತಾನು ಇಳಿದು ಹೋಗುತ್ತಿತ್ತು. ಮೊದಮೊದಲು ಜನ ಬೈದರು. ಆಮೇಲೆ ತಕ್ಕಡಿಯ ಕೆಳಗೆ ಇಟ್ಟಿಗೆ ಇಟ್ಟರು, ಕರೆಂಟಿನ ಸ್ವಿಚ್ಚುಗಳನ್ನು ಗೋಡೆಯ ಮೇಲಕ್ಕೆ ಏರಿಸಿದರು, ಎಲ್ಲರೂ ಬೂಟು ಕೊಂಡರು. ಈಗ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಚಳಿಗಾಲ ನಡೆಯುತ್ತಿದ್ದರೂ ಇವತ್ತಿನ ನೀರು ಪಾತ್ರೆ ತೊಳೆದ ನೀರಿನಷ್ಟು ಬೆಚ್ಚಗಿತ್ತು.

ಅವನನ್ನು ಎಲ್ಲರೂ ಕಂಚು ಎಂದು ಕರೆಯುತ್ತಿದ್ದರು, ಕಿರಿಯರು ಕಂಚಣ್ಣ ಎನ್ನುತ್ತಿದ್ದರು. ದನಿಯಿಂದ ಬಂದ ಹೆಸರು. ಬುಟ್ಟಿಗಳು ಸಾಲಾಗಿ ಬಂದು ಕೂತ ಮೇಲೆ ಮರದ ಅಟ್ಟಣೆ ಹತ್ತಿ ಅವನು ಹರಾಜು ಕೂಗಲು ಒಮ್ಮೆ ಬಾಯಿ ತೆರೆದರೆ ದಕ್ಕೆಯ ಆಚೆ ದೋಣಿ ಕಟ್ಟುತ್ತಿದ್ದವರೂ ತಲೆ ಎತ್ತುತ್ತಿದ್ದರು. ಮೈಕಿಲ್ಲದೆ, ಕಾಗದವಿಲ್ಲದೆ, ಯಾವ ಬುಟ್ಟಿಯಲ್ಲಿ ಯಾವ ಮೀನು, ಯಾರ ಬಲೆಯದು, ಯಾರು ಎಷ್ಟಕ್ಕೆ ಕೂಗಿದರು ಎಂಬುದೆಲ್ಲ ನಾಲಿಗೆಯ ತುದಿಯಲ್ಲಿರುತ್ತಿತ್ತು. ಮೀನಿನ ಹೆಸರುಗಳನ್ನು ಅವನಿಗೆ ಕಲಿಸಿದವರು ಭಾವ, ಅಕ್ಕನ ಗಂಡ. ಮದುವೆಯಾದ ಹೊಸದರಲ್ಲಿ, ಹೆಂಡತಿಯ ತಮ್ಮನನ್ನು ಒಲಿಸಿಕೊಳ್ಳಬೇಕೆಂದೋ ಏನೋ, ತಮ್ಮ ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಬಲೆ ಎಳೆಯುತ್ತ ಒಂದೊಂದನ್ನೇ ಬಾಲ ಹಿಡಿದು ಎತ್ತಿ ತೋರಿಸಿ ಹೆಸರು ಹೇಳುವರು. ಮರುದಿನ ಕೇಳುವರು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಆ ಮೀನನ್ನು ಅವನ ಮುಖದ ಹತ್ತಿರ ತಂದು, ಅದರ ಬಾಯಿಯನ್ನು ಎರಡು ಬೆರಳಿನಿಂದ ತೆರೆದು, ನನ್ನ ಹೆಸರು ಮರೆತುಬಿಟ್ಟೆಯಾ ಎಂದು ಮೀನಿನ ದನಿಯಲ್ಲಿ ಕೇಳುವರು. ಭಾವನದು ಒಂದು ನೇಮವಿತ್ತು. ಹೆಸರು ಗೊತ್ತಿಲ್ಲದ ಮೀನನ್ನು ಮನೆಗೆ ಒಯ್ಯುತ್ತಿರಲಿಲ್ಲ. ಎಷ್ಟೇ ಕೊಬ್ಬಿರಲಿ, ಎಷ್ಟೇ ಹೊಳೆಯಲಿ, ನೀನ್ಯಾರೋ ನನಗೆ ಗೊತ್ತಿಲ್ಲ ಮಾರಾಯ ಎಂದು ಹೇಳಿ ನೀರಿಗೆ ಬಿಟ್ಟುಬಿಡುವರು. ಆ ಕಾಲದಲ್ಲಿ ಅಂಥದ್ದು ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಸಮುದ್ರದಲ್ಲಿದ್ದವರೆಲ್ಲ ಪರಿಚಯದವರೇ.

ಆಮೇಲೆ ಪರಿಚಯದವರು ಒಬ್ಬೊಬ್ಬರಾಗಿ ಹೋಗತೊಡಗಿದರು. ಹೋದದ್ದು ಯಾವಾಗ ಎಂದು ಯಾರಿಗೂ ಹೇಳಲಾಗಲಿಲ್ಲ. ಚಳಿಯ ಜೊತೆಗೆ ಬರುತ್ತಿದ್ದ, ಬುಟ್ಟಿ ತುಂಬ ಬೆಳ್ಳಿಯಂತೆ ಮಿರುಗುತ್ತಿದ್ದ ಸಣ್ಣ ಮೀನು ಒಂದು ವರ್ಷ ತಡವಾಗಿ ಬಂತು, ಇನ್ನೊಂದು ವರ್ಷ ಅರ್ಧ ಬುಟ್ಟಿ ಬಂತು, ಮತ್ತೊಂದು ವರ್ಷ ಬರಲಿಲ್ಲ. ಬಂಡೆಗಳ ಮೇಲಿನ ಪಾಚಿ ಬಿಸಿಗೆ ಬೆಳ್ಳಗಾಗಿ ಸುಲಿದುಹೋಯಿತು. ಬಲೆ ಎತ್ತಿದರೆ ಲೋಳೆಮೀನು, ಕೈಗೆ ತಾಗಿದರೆ ಉರಿ. ಇವುಗಳ ನಡುವೆ ಒಂದು ಬೆಳಿಗ್ಗೆ, ಯಾರೂ ಕಂಡು ಕೇಳರಿಯದ, ಕೆಂಪು ಗೆರೆಗಳ ಮೀನು ಎರಡು ಬುಟ್ಟಿ ಬಂದು ಅವನ ಮುಂದೆ ಕೂತಿತು. ಕೂಗಬೇಕು, ಏನೆಂದು ಕೂಗುವುದು? ಹೆಸರಿಲ್ಲದ ಸರಕನ್ನು ಕೊಳ್ಳುವವರು ಮುಟ್ಟುವುದೂ ಇಲ್ಲ. ದಲ್ಲಾಳಿ, ಹೊಟ್ಟೆ ದೊಡ್ಡದಾದರೂ ಮನಸ್ಸು ಸಣ್ಣದಲ್ಲದ ಮನುಷ್ಯ, ಕೆಳಗಿನಿಂದ ಸನ್ನೆ ಮಾಡಿದ, ಏನಾದರೂ ಹೇಳಿಬಿಡು ಎಂದು. ಅವನ ಬಾಯಿಂದ ತಾನಾಗಿ ಬಂತು: ಮದುಮಗಳು. ಶೆಡ್ಡೆಲ್ಲ ನಕ್ಕಿತು. ಎರಡು ಬುಟ್ಟಿಯೂ ಹೋಯಿತು. ಅಲ್ಲಿಂದ ಅದೇ ಅವನ ಕೆಲಸವಾಗಿಬಿಟ್ಟಿತು. ಕಣ್ಣಿನ ಸುತ್ತ ಕಪ್ಪು ಉಂಗುರವಿದ್ದದ್ದು ಪೋಸ್ಟ್‌ಮಾಸ್ಟರ್, ಮೈತುಂಬ ಮುಳ್ಳಿದ್ದದ್ದು ಸೋದರತ್ತೆ, ಎತ್ತಿದರೆ ಬಾಯಿ ಮುಚ್ಚದೇ ಇದ್ದದ್ದು ವಕೀಲ. ಹೆಂಗಸರು ಅಡುಗೆಮನೆಗಳಲ್ಲಿ ಅದೇ ಹೆಸರು ಹೇಳಿದರು. ಹೋಟೆಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದೇ ಹೆಸರು ಬಂತು. ಬೀದಿಯಲ್ಲಿ ಅಪರಿಚಿತರು ತಡೆದು, ಇವತ್ತು ಯಾರಿಗೆ ನಾಮಕರಣ ಕಂಚಣ್ಣ ಎಂದು ಕೇಳುತ್ತಿದ್ದರು. ಸಮುದ್ರ ಕೆಡುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅದು ಕೆಡುತ್ತ ಕೆಡುತ್ತ ತನ್ನನ್ನು ದೊಡ್ಡವನನ್ನಾಗಿ ಮಾಡುತ್ತಿದೆ ಎಂಬ ಒಂದು ಒಳಗಿನ ಖುಷಿಯೂ ಇತ್ತು.

"ಇಲ್ಲಿದೀರಾ? ನಿಮ್ಮನ್ನೇ ನೋಡೋಕೆ ಬಂದೆ," ಎಂದರು ಮೇಡಂ. ಅವರು ಯಂತ್ರವನ್ನು ಸುತ್ತಿಕೊಂಡು ಹಿಂದಿನಿಂದ ಬಂದಿದ್ದರು. ಅವನು ಯಂತ್ರದ ಬೋಲ್ಟೊಂದನ್ನು ಪರೀಕ್ಷಿಸುತ್ತಿರುವವನಂತೆ ನಟಿಸಿದ. ಅವರಿಗೆ ಅದು ಗೊತ್ತಾಯಿತು, ಗೊತ್ತಾದದ್ದನ್ನು ತೋರಿಸಿಕೊಳ್ಳಲಿಲ್ಲ. ಇವರ ಈ ಮರ್ಯಾದೆಯೇ ಅವನಿಗೆ ತಡೆಯಲಾಗದಂಥದು. ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ ಇವರು ಇನ್ನೂ ಕೆಲಸಕ್ಕೆ ಹೊಸಬರು, ಮಾತಾಡುವಾಗ ಕತ್ತಿನ ನರ ಉಬ್ಬುತ್ತಿತ್ತು. ಅಷ್ಟು ಹೊತ್ತಿಗೆ ಆ ಇನ್ನೊಂದು ಮೀನು ಬಂದಿತ್ತು. ಮೊಂಡು ತಲೆ, ಚಿಪ್ಪಿಲ್ಲದ ನುಣ್ಣನೆ ಚರ್ಮ, ಮುಂದುಗಡೆ ಮೊಲದಂಥ ಹಲ್ಲು, ಕೈಗೆತ್ತಿಕೊಂಡರೆ ಸಿಟ್ಟು ಬಂದವರ ಹಾಗೆ ಹೊಟ್ಟೆ ಉಬ್ಬಿಸುತ್ತಿತ್ತು. ಅವನು ಅದಕ್ಕೆ ಗುಂಡುಮಾವ ಎಂದು ಹೆಸರಿಟ್ಟಿದ್ದ. ಕೆಲವರು ಒಯ್ದು ತಿಂದಿದ್ದರು, ಏನೂ ಆಗಿರಲಿಲ್ಲ. ಒಬ್ಬಿಬ್ಬರು ತುಟಿ ಜುಮ್ಮೆಂದಿತು ಎಂದಿದ್ದರು, ಅಷ್ಟೇ. ಮೇಡಂ ದೊಡ್ಡ ಚಿತ್ರವೊಂದನ್ನು ಬಿಡಿಸಿ ಹಿಡಿದು, ಇದರ ಪಿತ್ತಜನಕಾಂಗದಲ್ಲಿ, ಮೊಟ್ಟೆಯಲ್ಲಿ, ಕೆಲವು ತಿಂಗಳು ಮಾಂಸದಲ್ಲೂ ವಿಷವಿರುತ್ತದೆ, ಬೇಯಿಸಿದರೂ ಹುರಿದರೂ ಹೋಗುವುದಿಲ್ಲ, ಮೊದಲು ನಮ್ಮ ಸಮುದ್ರ ಚಳಿಗಾಲದಲ್ಲಿ ತಣ್ಣಗಾಗುತ್ತಿತ್ತು, ಆ ತಣ್ಣನೆಯೇ ಇಂಥವಕ್ಕೆ ಮುಚ್ಚಿದ ಬಾಗಿಲಾಗಿತ್ತು, ಈಗ ಆ ಬಾಗಿಲಿಲ್ಲ ಎಂದು ಹೇಳುತ್ತಿದ್ದರು. ಹೇಳುತ್ತಿದ್ದುದು ಅವನ ಅಟ್ಟಣೆಯ ಮುಂದೆ ನಿಂತು, ಅವನು ಕೂಗಬೇಕಾದ ಹೊತ್ತಿನಲ್ಲಿ. ಜನ ಅವರನ್ನು ಕೇಳುತ್ತಿದ್ದರು, ಅವನನ್ನಲ್ಲ. ಅವನು ಮೇಲಿನಿಂದ, ಕತ್ತಿನ ನರ ಉಬ್ಬಿಸಿಕೊಂಡು, ಅವರದೇ ಸಣ್ಣ ದನಿಯಲ್ಲಿ ಹೇಳಿದ್ದ: "ಮಾವ ಅಂದ ಮೇಲೆ ಸ್ವಲ್ಪ ವಿಷ ಇರೋದೇ ಮೇಡಂ." ಆವತ್ತಿನ ನಗು ಅವನ ಇಡೀ ಬದುಕಿನಲ್ಲೇ ದೊಡ್ಡದು. ತಗಡಿನ ಮಾಡು ನಡುಗಿತ್ತು. ದಲ್ಲಾಳಿ ಕಣ್ಣೊರೆಸಿಕೊಂಡಿದ್ದ. ಬುಟ್ಟಿಗಳ ಪಕ್ಕ ನಿಂತಿದ್ದ ಭಾವ, ಹಾಗೆಲ್ಲ ಜೋರಾಗಿ ನಗದ ಮನುಷ್ಯ, ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದರು. ಮೇಡಂ ಚಿತ್ರವನ್ನು ಸುರುಳಿ ಸುತ್ತಿದರು. ಗಾಳಿಗೆ ಅದು ಸರಿಯಾಗಿ ಸುತ್ತಿಕೊಳ್ಳದೆ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು, ಯಾರೂ ಸಹಾಯಕ್ಕೆ ಹೋಗಲಿಲ್ಲ.

ಇವತ್ತು ಅವರ ಕತ್ತಿನ ನರ ಉಬ್ಬಲಿಲ್ಲ. ಮೆಲ್ಲಗೆ ಹೇಳಿದರು. ಪೇಟೆಯ ಆ ಕಡೆ ಒಂದು ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದಾರೆ, ಬದುಕುತ್ತಾರೆ, ಆದರೆ ಸ್ವಲ್ಪದರಲ್ಲಿ ತಪ್ಪಿತು. ಶೆಡ್ಡಿನಲ್ಲಿ ಮಾರಾಟ ನಿಲ್ಲಿಸಿದರೂ ಗೇಟಿನ ಹೊರಗೆ ಯಾರೋ ಚರ್ಮ ಸುಲಿದು ತುಂಡು ಮಾಡಿ ಮಾರುತ್ತಿದ್ದಾರೆ. ಇಲಾಖೆಯವರು ಗೋಡೆಗೋಡೆಗೆ ಚಿತ್ರ ಅಂಟಿಸಿದ್ದಾರೆ. ಅದರ ಮೇಲೆ ಬರೆದ ಹೆಸರು ಪುಸ್ತಕದ ಹೆಸರು, ಅದು ಯಾರಿಗೂ ತಲೆಗೆ ಹೋಗುವುದಿಲ್ಲ.

"ಜನಕ್ಕೆ ಗೊತ್ತಿರೋದು ನೀವಿಟ್ಟ ಹೆಸರು ಒಂದೇ," ಎಂದರು. "ಅದೇ ಹೆಸರಲ್ಲಿ, ನಿಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಿದ್ರೆ ಏನಾಗುತ್ತೆ ಅಂತ ನಾವಿಬ್ಬರೂ ನೋಡಿದೀವಿ."

ಇದರಲ್ಲಿ ಚುಚ್ಚು ಇದೆಯೇ ಎಂದು ಅವನು ಅವರ ಮುಖ ನೋಡಿದ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಒಂದು ಮಾತು, ಅವತ್ತು ನಗಿಸಿದಿರಲ್ಲ ಎಂಬ ಒಂದೇ ಒಂದು ಮಾತು ಅವರು ಆಡಿದ್ದರೆ ಅವನು ತಲೆ ತಗ್ಗಿಸಬಹುದಿತ್ತು, ಅಥವಾ ಸಿಟ್ಟಾಗಬಹುದಿತ್ತು, ಎರಡರಲ್ಲಿ ಯಾವುದಾದರೂ ಒಂದು ಆಗಿ ಮುಗಿಯುತ್ತಿತ್ತು. ಆಗಲಿ ಮೇಡಂ ಎಂದ. ಗಂಟಲು ಸರಿಯಿಲ್ಲ ಎಂದು ಸೇರಿಸಿದ. ಅದು ಸುಳ್ಳೂ ಅಲ್ಲ. ಭಾವ ಹೋದಾಗಿನಿಂದ ಅವನ ದನಿ ಮೊದಲಿನ ಹಾಗಿರಲಿಲ್ಲ. ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ ಏನೂ ಇಲ್ಲ ಎಂದಿದ್ದರು. ಹೆಂಡತಿ ಉಪ್ಪುನೀರು ಕಾಯಿಸಿ ಕೊಡುತ್ತಿದ್ದಳು. ಹೊಸ ಮೀನುಗಳು ಈಗಲೂ ಬರುತ್ತಿದ್ದವು, ಮೊದಲಿಗಿಂತ ಹೆಚ್ಚಾಗಿಯೇ, ಆದರೆ ಅವನು ಅದು, ಇದು, ಆ ಹಳದಿಯದು ಎಂದಷ್ಟೇ ಕೂಗುತ್ತಿದ್ದ. ಹೀಗಾದರೆ ವ್ಯಾಪಾರ ಕುದುರುವುದು ಹೇಗೆ ಎಂದು ದಲ್ಲಾಳಿ ಗೊಣಗುತ್ತಿದ್ದ.

ಅಟ್ಟಣೆಯತ್ತ ನಡೆಯುವಾಗ ಮೀನು ಹೆಚ್ಚುವ ಕಲ್ಲುಮೇಜುಗಳ ಸಾಲು ದಾಟಬೇಕು. ಅಲ್ಲಿ ಮೂರನೆಯ ಮೇಜಿನಲ್ಲಿ ಅಕ್ಕ ಇದ್ದಾಳೆ. ಭಾವ ಹೋದ ಮೇಲೆ ದೋಣಿ ಮಾರಿ, ಅಲ್ಲಿ ಕೆಲಸಕ್ಕೆ ಸೇರಿಕೊಂಡಳು. ನಮ್ಮ ಮನೆಗೆ ಬಂದಿರು ಎಂದು ಅವನು ಕರೆದಿದ್ದ. ಕರೆಯುವಾಗ, ಬರುತ್ತೇನೆ ಎಂದುಬಿಟ್ಟರೆ ಏನು ಗತಿ ಎಂದು ಎದೆ ಹೊಡೆದುಕೊಂಡಿತ್ತು. ಅವಳು ಬೇಡ ಕಣೋ ಎಂದಾಗ ಹಗುರವಾದದ್ದು ಅವಳಿಗೆ ಕಂಡಿತೇ? ಅವಳು ಈಗ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡು, ತಲೆ ಬಗ್ಗಿಸಿ, ದೊಡ್ಡದೊಂದು ಮೀನಿನ ಚಿಪ್ಪು ಹೆರೆಯುತ್ತಿದ್ದಳು. ಚಿಪ್ಪುಗಳು ಅವಳ ಮೊಣಕೈಗೆ, ಕೆನ್ನೆಗೆ ಅಂಟಿಕೊಂಡಿದ್ದವು. ಅವನು ದಾಟಿ ಹೋದಾಗ ತಲೆ ಎತ್ತಲಿಲ್ಲ. ಎತ್ತದಿದ್ದದ್ದು ಕೆಲಸದ ಅವಸರಕ್ಕೋ ಬೇರೆಯದಕ್ಕೋ ಎಂದು ಅವನು ಪ್ರತಿದಿನವೂ ಅಳೆದು ಸುರಿದು ನೋಡುತ್ತಿದ್ದ.

ಭಾವ ಹೋದ ದಿನ ಅವರ ಬಲೆಯಲ್ಲಿ ಆ ಮೀನು ಬಿಟ್ಟು ಬೇರೇನೂ ಇರಲಿಲ್ಲ. ಆ ವಾರವೆಲ್ಲ ಹಾಗೆಯೇ. ಮೊಲದ ಹಲ್ಲಿನ ಆ ಪ್ರಾಣಿಗಳು ಬಲೆಯನ್ನೂ ಕಚ್ಚಿ ಹರಿದುಹಾಕಿದ್ದವು, ಒಳಗಿದ್ದ ಒಳ್ಳೆಯ ಮೀನನ್ನು ಅರ್ಧರ್ಧ ತಿಂದು ಬಿಟ್ಟಿದ್ದವು. ಮೇಡಂ ಬಂದು ಹೋದ ಮೇಲೆ ಕೊಳ್ಳುವವರು ಅದನ್ನು ಮುಟ್ಟುತ್ತಿರಲಿಲ್ಲ, ನಗುತ್ತಲೇ ಮುಟ್ಟದೆ ಮುಂದೆ ಹೋಗುತ್ತಿದ್ದರು. ಭಾವ ಖಾಲಿಯಾದ ಶೆಡ್ಡಿನಲ್ಲಿ ದಪ್ಪನೆಯದೊಂದನ್ನು ಕೈಯಲ್ಲಿ ತೂಗುತ್ತ ನಿಂತಿದ್ದರು. ಇಷ್ಟು ದಿನ ತಿರಸ್ಕಾರದಿಂದ ನೀರಿಗೆ ಎಸೆದವರು, ಆವತ್ತು ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಿಲ್ಲದೆ, ಅವನ ಕಡೆ ತಿರುಗಿ, ಏನಂತೀಯ, ತಿನ್ನಬಹುದಾ ಇದನ್ನ ಎಂದು ಕೇಳಿದರು. ಮೀನು ಕಲಿಸಿದ ಗುರು ಶಿಷ್ಯನನ್ನು ಕೇಳುತ್ತಿದ್ದರು. ಅವನು ಅಟ್ಟಣೆಯಿಂದ ಇಳಿಯುತ್ತಿದ್ದ, ಹಸಿವಾಗಿತ್ತು, ಮನೆಗೆ ಹೋಗುವ ಅವಸರ. ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎಂಬ ಮಾತು ಎಷ್ಟು ಸಣ್ಣದು. "ಹೆಸರಿಟ್ಟಾಯ್ತಲ್ಲ ಭಾವ, ಇನ್ನೇನು ಭಯ," ಎಂದ. ಹೇಳಿ, ಅವರ ಭುಜ ತಟ್ಟಿ, ಸೈಕಲ್ಲು ಹತ್ತಿದ.

ಊಟವಾಗಿ ಸ್ವಲ್ಪ ಹೊತ್ತಿಗೆ ಭಾವನ ತುಟಿ ಜುಮ್ಮೆಂದಿತಂತೆ. ಮೊದಲ ಸಲ ಮೀಸೆ ಬೋಳಿಸಿದಾಗ ಹೀಗೇ ಆಗಿತ್ತು ಎಂದು ನಗೆಯಾಡಿದರಂತೆ. ಆಮೇಲೆ ನಾಲಿಗೆ ಹೊರಳಲಿಲ್ಲ. ಆಮೇಲೆ ಲೋಟ ಎತ್ತಲು ಕೈ ಏಳಲಿಲ್ಲ. ಅವನು ಆಸ್ಪತ್ರೆಗೆ ಓಡಿದಾಗ ಭಾವ ಮಂಚದ ಮೇಲೆ ಮರದ ಕೊರಡಿನಂತೆ ಮಲಗಿದ್ದರು. ಕಿಟಕಿಯಿಂದ ಸಂಜೆಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಕಣ್ಣು ಮಾತ್ರ ತೆರೆದೇ ಇತ್ತು. ಡಾಕ್ಟರು ಹೇಳಿದ್ದರು, ಮೈ ಮರಗಟ್ಟಿದೆ, ಬುದ್ಧಿ ಸ್ವಚ್ಛವಾಗಿದೆ, ನೀವು ಹೇಳಿದ್ದೆಲ್ಲ ಕೇಳಿಸುತ್ತದೆ. ಅವನು ಏನು ಹೇಳಬಹುದಿತ್ತು? ಭಾವನ ಕಣ್ಣು ಅವನ ಮೇಲೆ ನೆಟ್ಟಿತ್ತು, ಅಥವಾ ಅವನ ಹಿಂದಿನ ಗೋಡೆಯ ಮೇಲೆ ನೆಟ್ಟಿತ್ತು, ಕಣ್ಣು ಹೊರಳಿಸುವ ಶಕ್ತಿಯೂ ಇಲ್ಲದವರು ಎಲ್ಲಿ ನೋಡುತ್ತಿದ್ದಾರೆಂದು ಹೇಳುವುದು ಹೇಗೆ. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಆ ನೋಟದ ಎದುರಿನಿಂದ ಸರಿಯುವುದಕ್ಕಾಗಿ ಸರಿದದ್ದು. ಮಂಚದ ಆ ಬದಿಯಲ್ಲಿ ಕೂತಿದ್ದ ಅಕ್ಕ ಗಂಡನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಉಜ್ಜುತ್ತಲೇ ಇದ್ದಳು. ಬೆಚ್ಚಗೆ ಮಾಡಿದರೆ ಸರಿಹೋದೀತು ಎಂಬಂತೆ. ಕತ್ತಲಾಗುವ ಮೊದಲೇ ಉಸಿರು ನಿಂತಿತು.

ಅಟ್ಟಣೆಯ ಮೇಲೆ ನಿಂತ. ಕೆಳಗೆ ಬೂಟುಗಳು, ಬುಟ್ಟಿಗಳು, ನೀರಿನಲ್ಲಿ ತಲೆಕೆಳಗಾಗಿ ಅಲುಗುವ ಮುಖಗಳು. ಹೊಸ ಮುಖಗಳು ಬಹಳ ಇದ್ದವು. ಬೇರೆ ದಂಡೆಗಳಲ್ಲಿ ಮನೆ ಕಳೆದುಕೊಂಡು ಇಲ್ಲಿಗೆ ಬಂದವರು, ಭಾವನನ್ನು ಕಂಡಿರದವರು. ಮೇಡಂ ಕೈಗವಸು ಹಾಕಿದ ಕೈಯಲ್ಲಿ ಆ ಮೀನನ್ನು ಬಾಲ ಹಿಡಿದು ಎತ್ತಿದರು. ಅದರ ಹೊಟ್ಟೆ ಸತ್ತ ಮೇಲೂ ಅರ್ಧ ಉಬ್ಬಿತ್ತು. ಅವನು ಕೆಮ್ಮಿದ. ಎಲ್ಲರೂ ಕೇಳಿ ಎಂದ. ದನಿ ಅಷ್ಟು ದೂರ ಹೋಗಲಿಲ್ಲ, ಮತ್ತೆ ಹೇಳಿದ. ಇದು, ಎಂದು ಶುರುಮಾಡಿ, ಇದು ಎಂಬಲ್ಲಿಯೇ ನಿಂತ. ಆ ಹೆಸರನ್ನು ಅವನು ಭಾವ ಹೋದ ದಿನದಿಂದೀಚೆಗೆ ಬಾಯಿಗೆ ತಂದಿರಲಿಲ್ಲ. ಅದು ಈಗ ನಾಲಿಗೆಯ ಮೇಲೆ ಕೂತು, ಹಳೆಯ ಸಲಿಗೆಯಿಂದ ನುಣ್ಣಗೆ ಜಾರಿ ಹೊರಗೆ ಬಂತು.

"ಗುಂಡುಮಾವ," ಎಂದ. "ಇದರಲ್ಲಿ ವಿಷ ಇದೆ."

ನಗು ಮೊದಲು ಎಡಗಡೆಯಿಂದ ಬಂತು. ಕಂಚಣ್ಣ ಮತ್ತೆ ಶುರುಮಾಡಿದ್ರು ನೋಡ್ರೋ ಎಂದು ಯಾರೋ ಖುಷಿಯಿಂದ ಹೇಳಿದರು, ಬಹಳ ದಿನದ ಮೇಲೆ ಊರಿಗೆ ಬಂದ ನಾಟಕದವರನ್ನು ಕಂಡಂತೆ. ಅವನು ಕೈ ಎತ್ತಿ ತಡೆಯಲು ನೋಡಿದ. ಆ ಕೈ ಎತ್ತಿದ್ದೂ ನಾಟಕದ ಭಾಗವೇ ಅನ್ನಿಸಿತು ಜನಕ್ಕೆ. ಹಿಂದುಗಡೆ ಕಂಬಕ್ಕೆ ಒರಗಿದ್ದ ಒಬ್ಬ ತರುಣ, ಅವನು ಎಂದೂ ನೋಡಿರದವನು, ಕತ್ತಿನ ನರ ಉಬ್ಬಿಸಿ ಸಣ್ಣ ದನಿಯಲ್ಲಿ ಕೂಗಿದ: "ಮಾವ ಅಂದ ಮೇಲೆ ಸ್ವಲ್ಪ ವಿಷ ಇರೋದೇ ಮೇಡಂ." ಆ ತರುಣ ಎರಡು ವರ್ಷದ ಹಿಂದೆ ಅಲ್ಲಿ ಇದ್ದಿರಲು ಸಾಧ್ಯವಿಲ್ಲ. ಅಂದರೆ ಅದು ಬಾಯಿಂದ ಬಾಯಿಗೆ ಹೋಗಿದೆ, ದನಿಯ ಸಮೇತ, ನರದ ಸಮೇತ. ಯಾವ ಯಾವ ದಂಡೆಯಲ್ಲಿ, ಯಾವ ಯಾವ ಊಟದ ಮನೆಯಲ್ಲಿ ಆ ಮಾತು ಹೇಳಿ ನಕ್ಕು, ನಗುತ್ತ ತಟ್ಟೆಗೆ ಕೈ ಹಾಕಿದ್ದಾರೋ. ತಗಡಿನ ಮಾಡು ಮತ್ತೆ ನಡುಗಿತು. ದಲ್ಲಾಳಿ ಮಾತ್ರ ನಗದೆ ತನ್ನ ಬೂಟಿನ ತುದಿ ನೋಡುತ್ತಿದ್ದ. ಮೇಡಂ ಮೀನನ್ನು ಹಿಡಿದುಕೊಂಡೇ ನಿಂತಿದ್ದರು. ನಗುವಿನ ಅಡಿಯಲ್ಲಿ, ಮೂರನೆಯ ಮೇಜಿನಿಂದ, ಚಿಪ್ಪು ಹೆರೆಯುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ಅದು ನಿಂತಿತು.

"ನಮ್ಮ ಭಾವ ಇದನ್ನ ತಿಂದೇ ಸತ್ತಿದ್ದು," ಎಂದ ಅವನು.

ಇದಕ್ಕೆ ಮುಂದೆ ಇನ್ನೊಂದು ವಾಕ್ಯವಿತ್ತು. ತಿನ್ನಬಹುದು ಅಂದವನು ನಾನು, ಎಂದು. ಅದು ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ನಗು ಆರಿಹೋಯಿತು, ಹಿಂದಿನವರು ಏನಂದ್ರು ಏನಂದ್ರು ಎಂದು ಕೇಳಿದರು, ಮುಂದಿನವರು ತಿರುಗಿ ಹೇಳಿದರು, ಅವರ ಭಾವ ಅಂತೆ, ತಿಂದು ಸತ್ತರಂತೆ, ಅಯ್ಯೋ ಪಾಪ. ಆ ಮರುಕ ಅಲೆಯ ಹಾಗೆ ಶೆಡ್ಡಿನ ಆ ತುದಿಗೆ ಹೋಗಿ ಬಡಿದು ಅವನ ಕಡೆಗೇ ವಾಪಸು ಬಂತು. ಹೆಂಗಸೊಬ್ಬಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಅವನನ್ನು ನೋಡಿದಳು. ಭಾವನನ್ನು ಕಳೆದುಕೊಂಡವನು ಎಂದು ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನು ಆ ನೋಟವನ್ನು ತೆಗೆದುಕೊಂಡ. ಬೇಡವೆನ್ನಲಿಲ್ಲ. ಗಂಟಲಿನಲ್ಲಿದ್ದ ವಾಕ್ಯ ಹಿಂದಕ್ಕೆ ಇಳಿಯಿತು, ಇಳಿಯುವಾಗ ಎಂಥ ಸುಖವಾಯಿತು, ಆ ಸುಖದ ಬೆನ್ನಿಗೇ ಎಂಥ ಅಸಹ್ಯ. ಮೇಡಂ ಮೀನನ್ನು ಚೀಲಕ್ಕೆ ಹಾಕಿ, ಮೆಲ್ಲನೆ ತಲೆಯಾಡಿಸಿ, ಥ್ಯಾಂಕ್ಸ್ ಎಂದರು. ಕಂಬಕ್ಕೆ ಒರಗಿದ್ದ ತರುಣ ಕಾಣಲಿಲ್ಲ. ದಲ್ಲಾಳಿ, ಕೂಗು ಮಾರಾಯ, ಮಂಜುಗಡ್ಡೆ ಕರಗ್ತಾ ಇದೆ ಎಂದು ಸಣ್ಣಗೆ ಹೇಳಿದ. ಅವನು ಮೊದಲ ಬುಟ್ಟಿಯನ್ನು ಕೂಗಿದ.

ಕೆಲಸ ಮುಗಿದು ಬೂಟು ತೊಳೆಯುತ್ತಿದ್ದಾಗ ಅಕ್ಕ ಬಂದು ಪಕ್ಕದಲ್ಲಿ ನಿಂತಳು. ಏಪ್ರನ್ ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಊಟಕ್ಕೆ ಬಾ ಎಂದಳು. ಮನೆಯಲ್ಲಿ ಕಾಯ್ತಿರ್ತಾಳೆ ಎಂದು ಅವನು ಹೆಂಡತಿಯ ನೆಪ ತೆಗೆದ. ಅವಳಿಗೆ ಬೆಳಿಗ್ಗೆಯೇ ಹೇಳಿದೀನಿ ಎಂದಳು ಅಕ್ಕ. ಬೆಳಿಗ್ಗೆಯೇ ಎಂದರೆ, ಮೇಡಂ ಬರುವ ಮೊದಲೇ. ಇವತ್ತಿನದಕ್ಕೂ ಈ ಊಟಕ್ಕೂ ಸಂಬಂಧವಿಲ್ಲ ಎಂದಾಯಿತು. ಅಥವಾ ಇದೆಯೋ. ಅವಳ ಹಿಂದೆ ನಡೆದ. ತಡೆಗೋಡೆಯ ಪಕ್ಕದ ದಾರಿ. ಚಿಕ್ಕಂದಿನಲ್ಲಿ ಈ ಗೋಡೆಯ ಆಚೆ ಮರಳಿತ್ತು, ಅಕ್ಕ ಅವನನ್ನು ಬೆನ್ನ ಮೇಲೆ ಹೊತ್ತು ನೀರಿನ ತುದಿಯವರೆಗೆ ಓಡುತ್ತಿದ್ದಳು, ತಲುಪುವಷ್ಟರಲ್ಲಿ ಏದುಸಿರು ಬರುವಷ್ಟು ದೂರವಿತ್ತು ನೀರು. ಈಗ ಗೋಡೆಗೇ ಬಡಿಯುತ್ತಿತ್ತು. ಗೋಡೆಯ ಬಿರುಕುಗಳಿಂದ ಒಸರಿದ ನೀರು ರಸ್ತೆಯ ಮೇಲೆ ಉಪ್ಪಿನ ಗೆರೆ ಎಳೆದಿತ್ತು. ಅಕ್ಕನ ಬೀದಿಯಲ್ಲಿ ಎರಡು ಮನೆಗಳಿಗೆ ಬಾಗಿಲ ತನಕ ಹಲಗೆ ಹಾಸಿದ್ದರು, ಒಂದು ಮನೆ ಖಾಲಿಯಾಗಿತ್ತು. ಅಕ್ಕ ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ ಕಥೆ ಹೇಳುತ್ತಿದ್ದಳು. ಅವನು ಹೂಂ ಹೂಂ ಎನ್ನುತ್ತಿದ್ದ. ಭಾವ ಹೋದ ಮೇಲೆ ಈ ಮನೆಯಲ್ಲಿ ಅವನು ಒಂದು ತುತ್ತು ತಿಂದಿರಲಿಲ್ಲ. ಬಂದರೆ ಬಾಗಿಲಲ್ಲೇ ನಿಂತು ಹಣ್ಣಿನ ಪೊಟ್ಟಣ ಕೊಟ್ಟು ಹೋಗುತ್ತಿದ್ದ.

ಅಡುಗೆಮನೆಯ ಮೇಜು ಅದೇ. ಭಾವ ಕೂರುತ್ತಿದ್ದ ಕುರ್ಚಿಯನ್ನು ತಪ್ಪಿಸಿ ಇನ್ನೊಂದರಲ್ಲಿ ಕೂತ. ಅಕ್ಕ ಬಾಣಲೆ ಇಟ್ಟಳು. ಎಣ್ಣೆಯ ಸದ್ದು, ವಾಸನೆ. ಬೇಯಿಸಿದ ಆಲೂಗಡ್ಡೆ ಮತ್ತು ಹುರಿದ ಮೀನಿನ ತುಂಡುಗಳನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಚರ್ಮ ತೆಗೆದು, ಚೌಕವಾಗಿ ಕತ್ತರಿಸಿದ ತುಂಡುಗಳು. ತಲೆಯಿಲ್ಲ, ಬಾಲವಿಲ್ಲ. ತಲೆ ಬಾಲ ಇದ್ದಿದ್ದರೆ ಅವನು ಯಾವ ಮೀನೆಂದು ಹೇಳುತ್ತಿದ್ದ. ಬೆರಳು ತಟ್ಟೆಯವರೆಗೆ ಹೋಯಿತು. ಹೋಗಿ ನಿಂತಿತು. ಎಷ್ಟು ಹೊತ್ತು ನಿಂತಿತೋ, ರೆಪ್ಪೆ ಬಡಿಯುವಷ್ಟು ಹೊತ್ತೇ ಇರಬೇಕು, ಆದರೆ ಅಷ್ಟರಲ್ಲಿ ಅವನ ಮನಸ್ಸು ಹೋಗಬಾರದ ಕಡೆಗೆ ಹೋಗಿ ಬಂದಿತ್ತು. ತಲೆ ಎತ್ತಿದರೆ ಅಕ್ಕ ಅವನ ಬೆರಳನ್ನೇ ನೋಡುತ್ತಿದ್ದಳು. ನೋಡಬಾರದದ್ದನ್ನು ನೋಡಿಬಿಟ್ಟಳು. ಅವನ ಕಿವಿ ಬಿಸಿಯಾಯಿತು. ತನ್ನನ್ನು ಬೆನ್ನ ಮೇಲೆ ಹೊತ್ತವಳ ತಟ್ಟೆಯ ಎದುರಿಗೆ ಕೂತು ತಾನು ಏನು ಯೋಚಿಸಿದೆ ಎಂಬುದು ಗೊತ್ತಾಗಿ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನಾದರೂ ಹೇಳಬೇಕು, ಬಿಸಿ ಇತ್ತು ಅನ್ನಬೇಕು.

ಅಕ್ಕ ಕೈ ಚಾಚಿ ಅವನ ತಟ್ಟೆಯಿಂದ ಒಂದು ತುಂಡನ್ನು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ಒಂದೇ ಬದಿಯಿಂದ ಅಗಿದಳು. ಇನ್ನೊಂದು ಬದಿಯ ಹಲ್ಲು ಕೀಳಿಸಿಯಾಗಿತ್ತು. ನುಂಗಿದಳು.

"ಪೇಟೆ ಮೀನು," ಎಂದಳು. "ಕೆರೇಲಿ ಸಾಕಿದ್ದು. ಎಲ್ಲಿಂದಲೋ ಲಾರೀಲಿ ಬರುತ್ತೆ. ನಾನೂ ಈಗ ಅದನ್ನೇ ತಿನ್ನೋದು."

ಅಕ್ಕ, ಎಂದು ಅವನು ಶುರುಮಾಡಿದ.

"ಗೊತ್ತು," ಎಂದಳು. "ಅವರು ಹೇಳಿದ್ರು. ಚಿಪ್ಪಿಲ್ಲ, ಇದೆಂಥ ಮೀನು, ನಾನು ಮುಟ್ಟಲ್ಲ ಅಂದೆ. ನಿನ್ನ ತಮ್ಮನೇ ಹೆಸರಿಟ್ಟಿದಾನೆ, ಭಯ ಇಲ್ಲ, ಹುರಿ ಅಂದ್ರು. ಹುರಿದೆ." ಬೆರಳಿಗೆ ಅಂಟಿದ ಎಣ್ಣೆಯನ್ನು ಸೀರೆಗೆ ಒರೆಸಿಕೊಂಡಳು. "ಹುರಿದವಳು ನಾನು ಕಣೋ. ಚೆನ್ನಾಗಿದೆ, ಇನ್ನೊಂದು ಹಾಕು ಅಂದ್ರು. ಅದನ್ನೂ ಹಾಕಿದೆ. ನನಗೆ ಹಲ್ಲುನೋವು, ನಾನು ತಿನ್ನಲಿಲ್ಲ."

ಅವನು ಅವಳನ್ನು ನೋಡಿದ. ಇಷ್ಟು ತಿಂಗಳುಗಳಲ್ಲಿ, ತನ್ನ ಒಂದು ಮಾತನ್ನು ಹಗಲೂ ಇರುಳೂ ನಾಲಿಗೆಯ ಮೇಲೆ ಹೊರಳಿಸುತ್ತ, ಅವಳು ತಲೆ ಎತ್ತಿದಳೇ ಇಲ್ಲವೇ ಎಂದು ಲೆಕ್ಕ ಹಾಕುತ್ತ, ಅವಳ ಮುಖದಲ್ಲಿ ತನ್ನ ತಪ್ಪನ್ನೇ ಹುಡುಕುತ್ತ ಕಳೆದವನಿಗೆ, ಆ ಬಾಣಲೆಯ ಮುಂದೆ ನಿಂತಿದ್ದವಳು ಇವಳು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಗೊತ್ತಿಲ್ಲದ ಸಂಗತಿಯೇನೂ ಅಲ್ಲ ಅದು. ಆ ಮನೆಯಲ್ಲಿ ಇನ್ಯಾರು ಹುರಿಯಬೇಕು. ಆದರೂ ತಪ್ಪನ್ನು ಅವನು ಆಸ್ತಿಯ ಹಾಗೆ ಒಬ್ಬನೇ ಅನುಭವಿಸಿಕೊಂಡು ಬಂದಿದ್ದ, ಪಾಲು ಕೇಳಲು ಇನ್ನೊಬ್ಬರು ಇರಬಹುದೆಂದು ಯೋಚಿಸದೆ.

"ಸುಮ್ಮನೆ ಕೂತಾಗ ಯೋಚನೆ ಮಾಡ್ತೀನಿ," ಎಂದಳು ಅಕ್ಕ, ಅವನಿಗಲ್ಲ, ಒಲೆಯ ಕಡೆಗೆ. "ಹಿಡಿದು ತಂದೋರು ಅವರು, ಹೆಸರಿಟ್ಟೋನು ನೀನು, ಹುರಿದೋಳು ನಾನು. ನಾವು ಮೂರು ಜನ ಸಿಕ್ಕಿಬಿದ್ವಿ. ಸಮುದ್ರ ಬಿಸಿ ಮಾಡಿದೋರು ಯಾರು ಅಂತ ಕೇಳೋಕೆ ಯಾರ ಮನೆ ಬಾಗಿಲಿಗೆ ಹೋಗ್ಲಿ ನಾನು."

ಹೊರಗೆ ನೀರು ಇಳಿಯುವ ಹೊತ್ತು. ಬೀದಿಯ ಚರಂಡಿ ಗೊರಗೊರ ಎನ್ನುತ್ತಿತ್ತು. ಅವನು ತುಂಡನ್ನು ಬಾಯಿಗೆ ಹಾಕಿಕೊಂಡ. ಸಮುದ್ರದ ಮೀನು ತಿಂದು ಬೆಳೆದ ನಾಲಿಗೆಗೆ ಅದು ಏನೂ ಅಲ್ಲ. ಮೆತ್ತಗೆ, ಸಪ್ಪೆಯಾಗಿ, ಕೆಸರಿನ ವಾಸನೆ ಹೊಡೆಯುತ್ತಿತ್ತು. ಅಕ್ಕ ಹಾಕಿದ್ದ ಉಪ್ಪು ಖಾರ ಅದನ್ನು ಮುಚ್ಚಲು ಸಾಲದು. ಅವನು ಅಗಿದ, ನುಂಗಿದ, ಇನ್ನೊಂದು ತುಂಡು ತೆಗೆದುಕೊಂಡ. ಅಕ್ಕ ಬಾಣಲೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು, ಬಡಿಸಲೋ ಬೇಡವೋ ಎಂದು ತಿಳಿಯದವಳಂತೆ. ಚೆನ್ನಾಗಿದೆಯೇ ಎಂದು ಅವಳು ಕೇಳಲಿಲ್ಲ. ಚೆನ್ನಾಗಿದೆ, ಇನ್ನೊಂದು ಹಾಕು ಎಂದು ಹೇಳಲು ಅವನಿಗೂ ಧೈರ್ಯ ಬರಲಿಲ್ಲ. ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಅವಳ ಮುಂದೆ ಹಿಡಿದ.